ಬಾಗಿಲು ತಡೆದವಳು

ಕಂಪನಿ ಕ್ವಾರ್ಟರ್ಸ್, ಗಲ್ಫ್
9 ಜನವರಿ 2025

ಗಂಗಾ,

ಚೆನ್ನಾಗಿದ್ದೀ ಎಂದುಕೊಂಡಿದ್ದೇನೆ. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಿನ್ನ ಅಣ್ಣ ಮಾಡಿದಾಗ, "ಅತ್ತಿಗೆಗೆ ಎಂತ ಬೇಕೋ ಬರ್ದು ಕಳಿಸ್ಲಿ, ಬಾಯಲ್ಲಿ ಹೇಳಿದ್ದು ನಿಲ್ಲುದಿಲ್ಲ" ಎಂದೆಯಂತೆ. ಈಗಿನ ಕಾಲದಲ್ಲಿ ಯಾರು ಪತ್ರ ಬರೆಯುತ್ತಾರೆ? ಇರಲಿ, ನಿನ್ನ ಹಟ ನಿನಗೆ. ಇಲ್ಲಿ ಕಂಪನಿಯಲ್ಲಿರುವ ಹೆಬಳೆಯ ಹರೀಶ ರಜೆಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಪತ್ರವನ್ನೂ ಒಂದು ಡಬ್ಬಿ ಹಾಲಿನ ಪುಡಿ, ಸ್ವಲ್ಪ ಸಾಬೂನನ್ನೂ ಕೊಟ್ಟಿದ್ದೇನೆ. ಭಟ್ಕಳ ಬಸ್ಸು ಹತ್ತಿ ಹೋಗಿ ತೆಗೆದುಕೊಂಡು ಬರಲು ನಿನ್ನ ಅಣ್ಣ ಫೋನಿನಲ್ಲಿ ಹೇಳುತ್ತಾರೆ.

ವಿಷಯ ಏನೆಂದರೆ, ಸ್ಮೃತಿಗೆ ಹದಿನಾಲ್ಕು ತುಂಬಿತು. ಹುಡುಗಿ ಊರು ಕಾಣದೆ, ನೆಂಟರಿಷ್ಟರ ಮುಖ ತಿಳಿಯದೆ ಬೆಳೆಯುತ್ತಿದ್ದಾಳೆ. ಅದಕ್ಕೇ ನಾವಿಬ್ಬರೂ ಯೋಚಿಸಿ, ಒಂಬತ್ತನೇ ತರಗತಿಯಿಂದ ಅವಳನ್ನು ಹೊನ್ನಾವರದಲ್ಲೇ ಓದಿಸುವುದೆಂದು ನಿಶ್ಚಯ ಮಾಡಿದ್ದೇವೆ. ಇಲ್ಲಿ ವೀಸಾದ ನಿಯಮಗಳೂ ಏನೇನೋ ಬದಲಾಗುತ್ತಿವೆ. ಅದು ಯಾವಾಗಲೂ ಇದ್ದದ್ದೇ, ಅದಕ್ಕಾಗಿ ಅಲ್ಲ. ಏಪ್ರಿಲ್‌ನಲ್ಲಿ ನಾನೂ ಅವಳೂ ಬರುತ್ತೇವೆ, ನಿನ್ನ ಅಣ್ಣ ಇಲ್ಲೇ ಇರುತ್ತಾರೆ.

ನೀನು ಮನೆಯ ಬೀಗ ತೆಗೆದು ಎಲ್ಲ ಕಿಟಕಿ ತೆರೆದಿಡು. ಹಾಸಿಗೆಗಳಿಗೆ ಬಿಸಿಲು ಕಾಣಿಸು. ಮೇಲಿನ ಕೋಣೆಯ ಎ.ಸಿ. ಯಾರಿಗಾದರೂ ತೋರಿಸು. ಹೊನ್ನಾವರದ ಶಾಲೆಯಲ್ಲಿ ಸೀಟು ವಿಚಾರಿಸು, ಪರವೂರಿನ ಮಕ್ಕಳಿಗೆ ಕನ್ನಡ ಹೇಗೆಂದು ಕೇಳು. ಸ್ಮೃತಿಗೆ ಆಧಾರ್ ಇನ್ನೂ ಮಾಡಿಸಿಲ್ಲ, ಏನೇನು ಕಾಗದ ಬೇಕೆಂದು ತಿಳಿದುಕೋ. ಕರ್ಟನ್‌ಗಳನ್ನು ಒಗೆಯಲು ತೆಗೆಯುವ ಮುಂಚೆ ಕೈಯನ್ನು ಸಾಬೂನು ಹಾಕಿ ಚೆನ್ನಾಗಿ ತೊಳೆದುಕೊಳ್ಳಬೇಕು, ಮರೆಯಬೇಡ.

ಹಿಂದಿನ ಶೆಡ್ಡು ಸೋರುತ್ತದೆಂದು ಈ ಸಲವೂ ಅಣ್ಣನಿಗೆ ಹೇಳಿದೆಯಂತೆ. ನಾವು ಬಂದಾಗ ನೋಡೋಣ.

ಸುಪ್ರಿಯಾ

*

ಕಾಸರಕೋಡ
30 ಜನವರಿ 2025

ಗಲ್ಫಿನ ಅತ್ತಿಗೆಯವರಿಗೆ,

ನಿಮ್ಮ ಪತ್ರ ಬಂತು, ಹಾಲಿನ ಪುಡಿಯೂ ಬಂತು. ಪುಡಿಯನ್ನು ಪಕ್ಕದ ಮನೆಯ ಗಣಪಿಗೆ ಕೊಟ್ಟೆ. ಸಾಬೂನು ಮಾತ್ರ ಇಟ್ಟುಕೊಂಡಿದ್ದೇನೆ, ನಿಮ್ಮ ಕರ್ಟನ್ ಮುಟ್ಟುವ ಮುಂಚೆ ಕೈ ತೊಳೆಯಬೇಕಲ್ಲ.

ಸ್ಮೃತಿಗೆ ಊರು ಕಾಣಿಸಲು ಹೊರಟಿದ್ದೀರಿ ಎಂದು ಓದಿ ನಗು ಬಂತು. ಹೆಬಳೆಗೆ ಹೋದವಳಿಗೆ ಹರೀಶಣ್ಣನ ಹೆಂಡತಿ ಚಾ ಕೊಟ್ಟು ಎಲ್ಲ ಹೇಳಿದಳು. "ನಿಮ್ಮ ಮೋಹನಣ್ಣನ ದರ್ಜೆಯವ್ರಿಗೆ ಇನ್ನು ಫ್ಯಾಮಿಲಿ ವೀಸಾ ಇಲ್ಲ ಹೇಳಿ ಕಂಪ್ನಿಯವ್ರು ಹೇಳಿ ಆತಲ್ಲೇ. ಮೇ ತಿಂಗ್ಳ ಒಳಗೆ ಹೆಂಡ್ತಿ ಮಕ್ಳು ಹೊರಡ್ಬೇಕು. ನಿಂಗೆ ಹೇಳ್ಲಿಲ್ವಾ ಮಾರಾಯ್ತಿ?" ನಾನು, "ಹೇಳಿದ್ರು, ಹೇಳಿದ್ರು" ಎಂದು ಚಾ ಕುಡಿದೆ. ಸ್ವಂತ ಅತ್ತಿಗೆಯೇ ನನಗೆ ಸುಳ್ಳು ಬರೆದಿದ್ದಾಳೆ ಎಂದು ಪರರ ಮನೆಯಲ್ಲಿ ಕೂತು ಹೇಳುವುದು ಹೇಗೆ?

ಹರೀಶಣ್ಣನವರನ್ನು ನೋಡಿ ಕಲಿಯಬೇಕು ಅತ್ತಿಗೆ. ಅರಬರ ಕಾನೂನು ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲವೆಂದು ಅವರು ಮೊದಲಿನಿಂದಲೂ ತಯಾರಾಗಿದ್ದವರು. ಮಗಳಿಗೆ ಅಲ್ಲಿರುವಾಗಲೇ ಕನ್ನಡ ಅಕ್ಷರ ತಿದ್ದಿಸಿದರು. ಆಧಾರ್ ಮಾಡಿಸಿದರು. ಕಂಪನಿ ಬಾಯಿ ಬಿಡುವ ಮುಂಚೆಯೇ, ಕಳೆದ ವರ್ಷವೇ, ಹೆಂಡತಿ ಮಗಳನ್ನು ಊರಿಗೆ ಕಳಿಸಿದರು. ರಜೆಗೆ ಬಂದಾಗಲೆಲ್ಲ, ಮನೆ ನೋಡಿಕೊಳ್ಳುವ ಚಿಕ್ಕಮ್ಮನಿಗೆ ಸೀರೆ ಕೊಟ್ಟು ಕಾಲು ಮುಟ್ಟಿ ಹೋಗುತ್ತಿದ್ದರು. ನೀವೂ ತಯಾರಿ ಮಾಡಲಿಲ್ಲ ಎನ್ನುವುದಿಲ್ಲ. ಎರಡು ಮಹಡಿ ಎಬ್ಬಿಸಿದಿರಿ, ಗ್ರಾನೈಟ್ ಹಾಸಿದಿರಿ, ಮೀನು ತಿನ್ನುವ ಮನೆಗೆ ಮೀನಿನ ಬಣ್ಣದ ಕರ್ಟನ್ ಹಾಕಿದಿರಿ. ಆ ಮನೆಯ ಚಾವಿ ಯಾರ ಸೊಂಟದಲ್ಲಿದೆ ಎಂಬುದೊಂದನ್ನು ಯೋಚಿಸಲಿಲ್ಲ.

ನಿಮ್ಮ ಮದುವೆಯ ದಿನ ನೆನಪಿದೆಯಾ? ಹಳೆಯ ಮನೆಯ ಹೊಸಿಲಿನಲ್ಲಿ ನಾನು ಎರಡೂ ಕೈ ಅಗಲ ಮಾಡಿ ನಿಂತು ಬಾಗಿಲು ತಡೆದೆ. ತಂಗಿ ಬಾಗಿಲು ತಡೆದು ಕೇಳಿದ್ದನ್ನು ಕೊಟ್ಟೇ ಒಳಗೆ ಬರಬೇಕು, ಅದು ನಮ್ಮಲ್ಲಿ ನಡೆದುಬಂದದ್ದು. ಎಲ್ಲರೂ "ಹೆಣ್ಣು ಕೇಳು, ಹೆಣ್ಣು ಕೇಳು" ಎನ್ನುತ್ತಿದ್ದರು. ಹುಟ್ಟುವ ಮಗಳನ್ನು ನನಗೆ ಸೊಸೆಯಾಗಿ ಕೊಡಿ ಎಂದು ನಾನು ಕೇಳಲಿಲ್ಲ. "ಈ ಮನೆಲಿ ನಾ ಇರುವಷ್ಟು ಕಾಲ ನಂಗೊಂದು ಕೋಣೆ ಬೇಕು" ಎಂದೆ. ನೀವು ಕಾಲು ನೋಯುತ್ತದೆಂದು "ಆತು, ಆತು, ಕೊಟ್ಟೆ" ಎಂದಿರಿ. ಎಲ್ಲ ನಕ್ಕರು. ನನ್ನ ಹೆತ್ತ ಅವ್ವಿ ಮಾತ್ರ ನಗಲಿಲ್ಲ.

ಆಮೇಲೆ ನನ್ನ ಸಂಸಾರ ಮುರಿದು, ಒಣಮೀನು ಮಾರಿ ಬದುಕುತ್ತಿದ್ದವಳು ಒಂದು ಚೀಲ ಹಿಡಿದು ಬಂದಾಗ ಅವ್ವಿ ಇರಲಿಲ್ಲ, ಹಳೆಯ ಮನೆಯೂ ಇರಲಿಲ್ಲ. ಹೊಸ ಮನೆಯ ಅಂಗಳದಲ್ಲಿ, ರಜೆಗೆ ಬಂದ ನೀವಿದ್ದಿರಿ. ಗಣಪಿ ಇದ್ದಳು, ಕೇರಿಯ ನಾಲ್ಕು ಜನ ಇದ್ದರು. ನೀವು ಹೇಳಿದ್ದು ನನಗೆ ಅಕ್ಷರ ಬಿಡದೆ ಬಾಯಿಪಾಠ ಇದೆ. "ಬಾಗಿಲು ತಡ್ದು ಕೇಳಿದ್ದೆಲ್ಲ ಆಟದ ಮಾತು. ಒಣಮೀನಿನವರನ್ನ ಒಳಗೆ ಮಲಗಿಸ್ಕೊಂಡ್ರೆ ವಾಸನೆ ಕರ್ಟನ್ನಿಗೂ ಹಿಡಿತದೆ. ಹಿಂದೆ ಶೆಡ್ ಉಂಟಲ್ಲ, ಅಲ್ಲಿರ್ಲಿ." ಅಣ್ಣ ಮೊಬೈಲು ನೋಡುತ್ತ ನಿಂತಿದ್ದ.

ಒಂಬತ್ತು ಮಳೆಗಾಲ ಆ ಶೆಡ್ಡಿನಲ್ಲಿ, ಮೀನಿನ ಬುಟ್ಟಿಗಳ ಜೊತೆ ಮಲಗಿದೆ. ನಿಮ್ಮ ಮನೆ ಖಾಲಿ ಬಿದ್ದಿತ್ತು. ಈಗ ನಿಮಗೆ ಬಾಗಿಲು ಬೇಕಾಗಿದೆ. ಆ ಮಾತನ್ನು ಅದೇ ಅಂಗಳದಲ್ಲಿ, ಅದೇ ಜನರ ಎದುರು ನಿಮ್ಮ ಬಾಯಿಂದಲೇ ಮತ್ತೊಮ್ಮೆ ಹೇಳಿ ತಪ್ಪಾಯಿತು ಎನ್ನಿ. ಅಲ್ಲಿಯವರೆಗೆ ಬೀಗ ತೆಗೆಯುವುದಿಲ್ಲ.

ಗಂಗಾ

*

ಕಂಪನಿ ಕ್ವಾರ್ಟರ್ಸ್, ಗಲ್ಫ್
18 ಫೆಬ್ರವರಿ 2025

ಗಂಗಾ,

ನಿನಗೆ ತಲೆ ಕೆಟ್ಟಿದೆ. ಬಾಗಿಲು ತಡೆಯುವುದು ಮದುವೆಮನೆಯ ತಮಾಷೆ. ನಮ್ಮ ಹಿರೇಗುತ್ತಿಯಲ್ಲಿ ನಾನೂ ತಮ್ಮನ ಮದುವೆಯಲ್ಲಿ ಬಾಗಿಲು ತಡೆದು ಬಂಗಾರದ ಸರ ಕೇಳಿದ್ದೆ. ಕೊಡಲಿಲ್ಲವೆಂದು ಇವತ್ತಿಗೂ ಹೋಗಿ ಜಗಳ ಮಾಡುತ್ತೇನಾ?

ನಾನು ಅಂಥ ಮಾತು ಆಡಿಯೇ ಇಲ್ಲ. ಶೆಡ್ಡಿನಲ್ಲಿದ್ದರೆ ನಿನ್ನ ಕೆಲಸಕ್ಕೆ ಅನುಕೂಲ ಎಂದಿದ್ದೆ, ಅಷ್ಟೇ. ನಿನ್ನನ್ನು ಬೀದಿಗೆ ತಳ್ಳಿದೆವಾ? ವಿದ್ಯುತ್ ಬಿಲ್ಲು ಕಟ್ಟಿದವರು ಯಾರು? ಗಂಡನನ್ನು ಬಿಟ್ಟು ಬಂದವಳನ್ನು ಬೇರೆ ಯಾರಾದರೂ ಇಷ್ಟು ವರ್ಷ ಇಟ್ಟುಕೊಳ್ಳುತ್ತಿದ್ದರಾ?

ಮನೆ ನನ್ನ ಗಂಡನ ಹೆಸರಲ್ಲಿದೆ. ನಾನು ಬಂದು ಬೀಗ ಒಡೆಸಿದರೆ ನೀನು ಏನು ಮಾಡುತ್ತೀ? ಸುಮ್ಮನೆ ಹೇಳಿದಷ್ಟು ಕೆಲಸ ಮಾಡು. ಸೀಟಿನ ವಿಷಯ ತಡವಾದರೆ ಸ್ಮೃತಿಯ ವರ್ಷ ಹಾಳಾಗುತ್ತದೆ. ನಿನ್ನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಳ್ಳಬೇಡ.

ಸುಪ್ರಿಯಾ

*

ಕಾಸರಕೋಡ
8 ಮಾರ್ಚ್ 2025

ಅತ್ತಿಗೆಯವರಿಗೆ,

ಬೀಗ ಒಡೆಸುವ ತೊಂದರೆ ಬೇಡ. ಬೀಗ ನಾನೇ ತೆಗೆದಿದ್ದೇನೆ.

ನಿಮ್ಮ ಪತ್ರ ಬಂದ ದಿನ ಗಣಪಿಯನ್ನು ಕರೆದು ಓದಿ ಹೇಳಿದೆ. "ಆಡ್ಲೇ ಇಲ್ಲ ಹೇಳಿ ಬರ್ದಿದಾಳಾ? ನಾ ಎಂತ ಕಿವುಡಿಯಾ?" ಎಂದು ಅವಳು ಅಂಗಳದಲ್ಲೇ ನಿಂತು ಕೂಗಿದಳು. ಆಗ ನನಗೆ ಧೈರ್ಯ ಬಂತು. ಚೀಲ ತೆಗೆದುಕೊಂಡು ಎದುರಿನ ಬಾಗಿಲಿನಿಂದ ಒಳಗೆ ಹೋದೆ. ಮೇಲಿನ ಕೋಣೆಯಲ್ಲಿ, ನಿಮ್ಮ ಹಾಸಿಗೆಯ ಮೇಲೆಯೇ ಮಲಗುತ್ತಿದ್ದೇನೆ. ಎ.ಸಿ. ತೋರಿಸಿದೆ, ಚೆನ್ನಾಗಿಯೇ ಇದೆ. ಕರ್ಟನ್‌ಗಳನ್ನು ತೆಗೆದು ಒಣ ಶೆಟ್ಲಿ ಸೀಗಡಿಯ ಬುಟ್ಟಿಗಳಿಗೆ ಹೊದೆಸಿದ್ದೇನೆ. ಬಟ್ಟೆ ಒಳ್ಳೆಯದು, ಧೂಳು ಒಳಗೆ ಬಿಡುವುದಿಲ್ಲ. ನೀವು ಹೇಳಿದ್ದು ನಿಜ ಅತ್ತಿಗೆ, ವಾಸನೆ ಹಿಡಿಯುತ್ತದೆ.

ಮನೆ ಅಣ್ಣನ ಹೆಸರಲ್ಲಿದೆ ಎಂದಿರಿ. ಮನೆ ನಿಂತಿರುವ ಜಾಗ ಅವ್ವಿಯ ಹೆಸರಲ್ಲಿದೆ. ಅವ್ವಿಗೆ ಅಣ್ಣ ಒಬ್ಬನೇ ಮಗುವಲ್ಲ. ನಾಡಕಚೇರಿಯಲ್ಲಿ ಕೇಳಿಯೇ ಬಂದಿದ್ದೇನೆ.

ಹಾಗಾಗಿ ಇಲ್ಲಿಯ ಕಾನೂನೂ ಬದಲಾಯಿತು ಎಂದು ತಿಳಿಯಿರಿ. ಇಷ್ಟು ವರ್ಷ ನೀವು ಬಂದು ಹೋಗುತ್ತಿದ್ದದ್ದು ವಿಸಿಟ್ ವೀಸಾ. ಅದಕ್ಕೆ ನಾನು ನೆಲ ಒರೆಸಿ, ಬಂಗಡೆ ಸಾರು ಮಾಡಿ, ಹಿಂದಿನ ಬಾಗಿಲಿನಿಂದ ತಂದುಕೊಟ್ಟು ಹೋಗುತ್ತಿದ್ದೆ. ಇನ್ನು ಉಳಿಯಲು ಬರುವವರಿಗೆ ಇಲ್ಲಿ ಸ್ಪಾನ್ಸರ್ ಬೇಕು. ಈ ಮನೆಯ ಸ್ಪಾನ್ಸರ್ ನಾನು. ನನ್ನ ಒಪ್ಪಿಗೆ ಇಲ್ಲದೆ ಕೆಲಸ ಇಲ್ಲ, ಅಡುಗೆಮನೆ ಇಲ್ಲ, ಎದುರಿನ ಬಾಗಿಲೂ ಇಲ್ಲ. ಒಪ್ಪಿಗೆ ಬೇಕೆಂದರೆ ಏನು ಮಾಡಬೇಕೆಂದು ಆಗಲೇ ಬರೆದಿದ್ದೇನೆ. ಅಂಗಳಕ್ಕೆ ಬಂದು ಬಾಯಿ ಬಿಡಿ.

ಒಂದು ಮಾತು ನಿಜವಾಗಿ ಹೇಳುತ್ತೇನೆ. ನೀವು ಅಲ್ಲಿ ಹೊರಡಬೇಕೆಂಬ ಚಿಂತೆಯಲ್ಲಿ ಒದ್ದಾಡುತ್ತಿದ್ದೀರೆಂದು ಹರೀಶಣ್ಣನ ಹೆಂಡತಿ ಹೇಳಿದಾಗ ನನಗೆ ಪಾಪ ಎನಿಸಲಿಲ್ಲ. ಹೊಟ್ಟೆ ತಣ್ಣಗಾಯಿತು. ಆ ದಿನ ರಾತ್ರಿ ಅನ್ನ ಹೆಚ್ಚು ಸೇರಿತು.

ಗಂಗಾ

*

ಕಂಪನಿ ಕ್ವಾರ್ಟರ್ಸ್, ಗಲ್ಫ್
27 ಮಾರ್ಚ್ 2025

ಗಂಗಾ,

ನನ್ನ ಹಾಸಿಗೆಯ ಮೇಲೆ ಮಲಗಿದ್ದೀ ಎಂದು ಓದಿ ಮೈಯೆಲ್ಲ ಉರಿಯಿತು. ನಿನ್ನ ಅಣ್ಣನಿಗೆ ತೋರಿಸಿದೆ. ಪೂರ್ತಿ ಓದಿದರು. ಆಮೇಲೆ, "ಅಂದಿದ್ದು ಹೌದಲ್ಲ ನೀನು" ಎಂದರು. ಇಷ್ಟು ವರ್ಷದ ಮೇಲೆ ಅವರಿಗೆ ಬಾಯಿ ಬಂತು!

ಹೌದು, ನಮಗೆ ವೀಸಾ ಇಲ್ಲ. ಸಾಕಾ? ಈ ಕ್ವಾರ್ಟರ್ಸ್ ಬಿಟ್ಟುಕೊಡಬೇಕು. ನಿನ್ನ ಅಣ್ಣ ಆರು ಜನರಿರುವ ಕೋಣೆಗೆ ಹೋಗುತ್ತಾರೆ. ಸ್ಮೃತಿ ತನ್ನ ಗೆಳತಿಯರಿಗೆ ಇನ್ನೂ ಹೇಳಿಲ್ಲ, ರಜೆಗೆ ಹೋಗುತ್ತಿದ್ದೇನೆ ಎನ್ನುತ್ತಾಳೆ. ಮಾರಲು ಇಟ್ಟ ಸೋಫಾ, ಫ್ರಿಜ್ ಎಲ್ಲ ಕೆಳಗಿನ ಮನೆಯವರು ಬಂದು ನೋಡಿ ಹೋಗುತ್ತಿದ್ದಾರೆ. ನಾನು ಅಡುಗೆಮನೆಯಲ್ಲಿ ನಿಂತು ಬಾಗಿಲು ಹಾಕಿಕೊಳ್ಳುತ್ತೇನೆ.

ಇಷ್ಟಾದರೂ ನಿನ್ನ ಅಂಗಳದಲ್ಲಿ ನಿಂತು ಗಣಪಿಯ ಎದುರು ತಲೆ ತಗ್ಗಿಸುವಷ್ಟು ಕೆಟ್ಟಿಲ್ಲ ನಾನು. ನನಗೂ ತವರಿದೆ. ತಮ್ಮ ರಮಾನಂದ ಫೋನು ಮಾಡಿ, "ಅಕ್ಕ, ಸೀದಾ ಇಲ್ಲಿಗೇ ಬಾ" ಎಂದಿದ್ದಾನೆ. ನಾನೂ ಸ್ಮೃತಿಯೂ ಹಿರೇಗುತ್ತಿಗೆ ಹೋಗುತ್ತೇವೆ. ಸೀಟನ್ನು ಕುಮಟೆಯಲ್ಲಿ ನೋಡಿಕೊಳ್ಳುತ್ತೇವೆ. ನೀನು, ನಿನ್ನ ಶೆಟ್ಲಿ, ಆ ಮನೆ ಎಲ್ಲ ಅಲ್ಲೇ ಇರಿ.

ಸುಪ್ರಿಯಾ

*

ಕಾಸರಕೋಡ
30 ಏಪ್ರಿಲ್ 2025

ಅತ್ತಿಗೆಯವರಿಗೆ, ಹಿರೇಗುತ್ತಿ ವಿಳಾಸಕ್ಕೆ,

ಬಂದು ಮುಟ್ಟಿದಿರೆಂದು ಅಣ್ಣ ಹೇಳಿದ. ಸಂತೋಷ. ತವರು ಹೇಗಿದೆ? ತಮ್ಮನ ಹೆಂಡತಿ ದಿವ್ಯಶ್ರೀ ಚೆನ್ನಾಗಿ ನೋಡಿಕೊಳ್ಳುತ್ತಾಳಾ?

ಗಂಡನ ಮನೆ ಬಿಟ್ಟು ಚೀಲ ಹಿಡಿದು ತವರಿಗೆ ಹೋದವರ ಅನುಭವ ನನಗೂ ಸ್ವಲ್ಪ ಇದೆ. ಅದಕ್ಕೆ ಕೇಳಿದೆ.

ಗಂಗಾ

*

ಹಿರೇಗುತ್ತಿ
29 ಮೇ 2025

ಗಂಗಾ,

ನಿನ್ನ ಎರಡು ಸಾಲಿನ ಪತ್ರಕ್ಕೆ ಉತ್ತರ ಬರೆಯಬಾರದೆಂದು ಒಂದು ತಿಂಗಳು ಹಲ್ಲು ಕಚ್ಚಿ ಕೂತಿದ್ದೆ.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ತಂದ ಚಾಕಲೇಟು ಮುಗಿದ ಮೇಲೆ ದಿವ್ಯಶ್ರೀ, "ಅಕ್ಕ, ಮೋಹನ ಭಾವ ಯಾವಾಗ ಬರ್ತ್ರು? ಮನೆ ಕಾಸರಕೋಡಲ್ಲಿ ಅಷ್ಟು ದೊಡ್ಡದು ಉಂಟಲ್ಲ, ಅಲ್ಲಿಗೆ ಹೋಗ್ಲಿಕ್ಕೆ ಎಂತ ತೊಂದ್ರೆ?" ಎಂದು ಕೇಳತೊಡಗಿದಳು. ರಿಪೇರಿ ನಡೆಯುತ್ತಿದೆ ಎಂದೆ. ಆಮೇಲೆ ಒಂದು ದಿನ ಜಗಲಿಯಲ್ಲಿ ನೆಂಟರು ಕೂತಿದ್ದರು. ಅವರ ಎದುರಿಗೇ ಮೂಗು ಒರೆಸಿಕೊಳ್ಳುತ್ತ ಹೇಳಿದಳು. "ಅಕ್ಕನ ಸೆಂಟಿನ ವಾಸನೆಗೆ ನಂಗೆ ತಲೆನೋವು ಬತ್ತದೆ. ಮಕ್ಳ ಹಾಸ್ಗಿಗೂ ಹಿಡ್ದಿದೆ. ಹಿಂದೆ ಕೊಟ್ಟಿಗೆ ಪಕ್ಕ ಕೋಣೆ ಉಂಟಲ್ಲ, ಅಲ್ಲಿ ಗಾಳಿ ಆಡ್ತದೆ, ಅಲ್ಲೇ ಮಲ್ಗಿ." ನಾನು ರಮಾನಂದನ ಮುಖ ನೋಡಿದೆ. ಅವನು ಟಿ.ವಿ. ನೋಡುತ್ತಿದ್ದ.

ತೆಂಗಿನ ಸಿಪ್ಪೆಯ ರಾಶಿಯ ಪಕ್ಕ ನಾನೂ ಸ್ಮೃತಿಯೂ ಮಲಗುತ್ತೇವೆ. ಆ ದಿನ ಕತ್ತಲಲ್ಲಿ ಸ್ಮೃತಿ ಕೇಳಿದಳು: "ಅಮ್ಮ, ನಮಗೆ ನಿಜವಾಗಿಯೂ ವಾಸನೆ ಇದೆಯಾ?" ಅವಳ ಚಾದರ ಎಳೆದು ಹೊದೆಸಿ, ಮಲಗು ಎಂದೆ.

ಕುಮಟೆಯಲ್ಲಿ ಸೀಟು ಸಿಗಲಿಲ್ಲ. ಆಧಾರ್ ಇಲ್ಲ, ಅಲ್ಲಿಯ ಟಿ.ಸಿ.ಗೆ ಆಗಬೇಕಿದ್ದ ಮೊಹರು ಆಗಿಲ್ಲ, ಕನ್ನಡ ಬರುವುದಿಲ್ಲ. ಒಂದು ಕಡೆ, "ಇಷ್ಟು ವರ್ಷ ಅಲ್ಲಿದ್ರಿ, ಒಂದಲ್ಲ ಒಂದಿನ ಬರ್ಬೇಕು ಹೇಳಿ ಅಂದಾಜು ಇರ್ಲಿಲ್ವಾ ನಿಮ್ಗೆ?" ಎಂದು ಕೇಳಿದರು. ಇರಲಿಲ್ಲ. ಕಾನೂನು ಬದಲಾಗುವುದು ಬೇರೆಯವರಿಗೆ ಎಂದುಕೊಂಡಿದ್ದೆ.

ನಾನು ಆ ಮಾತು ಆಡಿದ್ದೆ. ಶೆಡ್ಡಿನ ಮಾತು, ವಾಸನೆಯ ಮಾತು, ಎಲ್ಲ. ಆಡಿಲ್ಲ ಎಂದು ಬರೆದದ್ದು ಸುಳ್ಳು. ಇಲ್ಲಿ ಬರೆದಿದ್ದೇನೆ, ಅಷ್ಟಕ್ಕೇ ಬಾಗಿಲು ತೆರೆಯುತ್ತೀಯಾ?

ಸುಪ್ರಿಯಾ

*

ಕಾಸರಕೋಡ
3 ಜೂನ್ 2025

ಅತ್ತಿಗೆಯವರಿಗೆ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ದಿವ್ಯಶ್ರೀ ಮೂಗು ಒರೆಸಿಕೊಂಡ ಜಾಗಕ್ಕೆ ಬಂದಾಗಲೆಲ್ಲ ನಿಲ್ಲಿಸಿ ಮತ್ತೆ ಮೊದಲಿನಿಂದ ಓದಿದೆ. ಅವಳ ಮುಖ ನಾನು ಕಂಡದ್ದು ನಿಮ್ಮ ತಮ್ಮನ ಮದುವೆಯಲ್ಲಿ ಮಾತ್ರ, ಆದರೂ ಅವಳಿಗೊಂದು ಬುಟ್ಟಿ ಒಣ ಬಂಗಡೆ ಕಳಿಸೋಣ ಎನಿಸಿತು. ನಾನು ಒಂಬತ್ತು ವರ್ಷ ದೇವರಲ್ಲಿ ಕೇಳಿಕೊಂಡದ್ದನ್ನು ಅವಳು ಒಂದೇ ತಿಂಗಳಲ್ಲಿ ಮಾಡಿ ಮುಗಿಸಿದಳು.

ಸ್ಮೃತಿ ಕೇಳಿದ ಮಾತಿನ ಹತ್ತಿರ ಮಾತ್ರ ನನಗೆ ನಗಲು ಆಗಲಿಲ್ಲ. ಆ ಹುಡುಗಿ ನನಗೆ ಏನೂ ಮಾಡಿಲ್ಲ. ರಜೆಗೆ ಬಂದಾಗ ನೀವು ಮಲಗಿದ ಮೇಲೆ ಶೆಡ್ಡಿಗೆ ಬಂದು, "ಗಂಗತ್ತೆ, ಒಂದು ಶೆಟ್ಲಿ ಸುಟ್ಟು ಕೊಡು" ಎನ್ನುತ್ತಿದ್ದಳು. ನಿಮಗೆ ಅದು ಗೊತ್ತಿಲ್ಲ. ಹೊನ್ನಾವರದಲ್ಲಿ ಅವಳಿಗೆ ಸೀಟು ಹೇಳಿಟ್ಟಿದ್ದೇನೆ. ಇವತ್ತಲ್ಲ, ನಿಮ್ಮ ಮೊದಲ ಪತ್ರ ಬಂದ ವಾರವೇ ಹೋಗಿ ಹೇಳಿದ್ದು. ಪ್ರತಿ ತಿಂಗಳು ಹೋಗಿ ನೆನಪು ಮಾಡಿ ಬಂದಿದ್ದೇನೆ. ಕಾಗದಗಳು ಆಮೇಲೆ ಬಂದರೂ ನಡೆಯುತ್ತದಂತೆ. ಕನ್ನಡವನ್ನು ಸಂಜೆ ಹೊತ್ತು ಕಲಿಸಲು ಟೀಚರೊಬ್ಬರು ಒಪ್ಪಿದ್ದಾರೆ. ದೊಡ್ಡ ಮೇಡಂ ಇದೇ ಹದಿನಾರಕ್ಕೆ ಹುಡುಗಿ ಎದುರಿಗೆ ಇರಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಎಂದಿದ್ದಾರೆ. ಇದನ್ನು ನಿಮಗೆ ಮೊದಲೇ ಹೇಳಬಹುದಿತ್ತು. ಹೇಳಿದ್ದರೆ ನೀವು ನಿದ್ದೆ ಮಾಡುತ್ತಿದ್ದಿರಿ. ಅದು ನನಗೆ ಬೇಡವಾಗಿತ್ತು.

ಇನ್ನು ನಿಮ್ಮ ವಿಷಯ. ಪತ್ರದಲ್ಲಿ ಬರೆದದ್ದು ಸಾಲದು. ಅಂದದ್ದು ಅಂಗಳದಲ್ಲಿ. ಹದಿನಾಲ್ಕನೇ ತಾರೀಕು ಶನಿವಾರ ಬನ್ನಿ. ಈಗ ಮಳೆಗೆ ದೋಣಿಗಳೆಲ್ಲ ದಡ ಹತ್ತಿವೆ, ಕೇರಿಯ ಜನ ಮನೆಯಲ್ಲೇ ಇರುತ್ತಾರೆ. ಗಣಪಿಗೆ ಹೇಳಿದ್ದೇನೆ. ನಾನು ಬಾಗಿಲು ತಡೆದು ನಿಂತಿರುತ್ತೇನೆ. ನೀವು ಆ ದಿನದ ಮಾತನ್ನು ಪೂರ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಆಮೇಲೆ ನಾನು ಮೊದಲ ಸಲ ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ, ನೀವು ಕೊಟ್ಟೆ ಎನ್ನಬೇಕು. ಸ್ಮೃತಿ ಎದುರಿನ ಬಾಗಿಲಿನಿಂದ ಒಳಗೆ ಬರುತ್ತಾಳೆ. ಮೇಲಿನ ಕೋಣೆಯನ್ನು ಅವಳಿಗೆ ಬಿಟ್ಟಿದ್ದೇನೆ.

ನೀವು ಮನೆ ಸುತ್ತಿ ಹಿಂದಿನಿಂದ ಬನ್ನಿ. ದೋಣಿಗಳು ಮತ್ತೆ ನೀರಿಗಿಳಿಯುವವರೆಗೆ ನಿಮಗೆ ಶೆಡ್ಡು. ನನಗೆ ಒಂಬತ್ತು ಮಳೆಗಾಲ ಆಯಿತು, ನಿಮಗೆ ಒಂದು ಸಾಕು.

ಗಂಗಾ

*

ಹಿರೇಗುತ್ತಿ
7 ಜೂನ್ 2025

ಗಂಗಾ,

ಸೀಟಿನ ವಿಷಯ ಓದಿ ಸ್ಮೃತಿಯನ್ನು ಅಪ್ಪಿಕೊಂಡು ಅತ್ತೆ. ಯಾಕೆಂದು ಅವಳಿಗೆ ಹೇಳಲಿಲ್ಲ. ನಿನಗೆ ಕೈ ಮುಗಿಯಬೇಕೋ ನಿನ್ನ ಜುಟ್ಟು ಹಿಡಿಯಬೇಕೋ ನನಗೆ ತಿಳಿಯುವುದಿಲ್ಲ.

ಶನಿವಾರ ಬರುತ್ತೇವೆ. ನೀನು ಹೇಳಿದ ಹಾಗೆಯೇ ಆಗಲಿ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಸ್ಮೃತಿಯನ್ನು ಮೊದಲು ಒಳಗೆ ಕಳಿಸು, ಆಮೇಲೆ ಹೇಳುತ್ತೇನೆ. ತನ್ನ ತಾಯಿ ಅಂಥ ಮಾತು ಆಡಿದ್ದಳೆಂದು ಅವಳಿಗೆ ತಿಳಿಯುವುದು ಬೇಡ.

ಇನ್ನೊಂದು. ಆ ಶೆಡ್ಡಿನಲ್ಲಿ ಮೊದಲ ದಿನ ನಿನಗೆ ನಿದ್ದೆ ಬಂದಿತ್ತಾ?

ಸುಪ್ರಿಯಾ

*

ಕಾಸರಕೋಡ
10 ಜೂನ್ 2025

ಅತ್ತಿಗೆ,

ಇಲ್ಲ. ಸ್ಮೃತಿ ಅಂಗಳದಲ್ಲೇ ಇರಬೇಕು. ನಮಗೆ ವಾಸನೆ ಇದೆಯಾ ಎಂದು ಅವಳು ನಿಮ್ಮನ್ನು ಕೇಳಿದ್ದಾಳೆ. ಉತ್ತರ ಬೇಡವಾ ಅವಳಿಗೆ? ಅಂಥ ಮಾತು ಯಾರ ಬಾಯಿಂದ ಬರುತ್ತದೆ, ಯಾಕೆ ಬರುತ್ತದೆ ಎಂದು ಕಣ್ಣಾರೆ ನೋಡಲಿ. ದಿವ್ಯಶ್ರೀ ಅಂದದ್ದು ಆಮೇಲೆ ಅವಳನ್ನು ಚುಚ್ಚುವುದಿಲ್ಲ.

ಮೊದಲ ದಿನ ನಿದ್ದೆ ಬರಲಿಲ್ಲ. ಮೂಗಿಗೆ ಬೇಗ ಅಭ್ಯಾಸವಾಗುತ್ತದೆ, ಹೆದರಬೇಡಿ. ಆ ಮಾತಿಗೆ ಮಾತ್ರ ಅಭ್ಯಾಸ ಆಗುವುದಿಲ್ಲ.

ಚಾಪೆ, ದಿಂಬು, ಒಂದು ಚಾದರ ಇಟ್ಟಿದ್ದೇನೆ. ಬುಟ್ಟಿಗಳನ್ನು ಒಂದು ಬದಿಗೆ ಸರಿಸಿದ್ದೇನೆ. ಪಶ್ಚಿಮದ ಮೂಲೆಯಲ್ಲಿ ನೀರು ಸೋರುತ್ತದೆ, ತಲೆ ಆ ಕಡೆ ಹಾಕಬೇಡಿ. ಪ್ರತಿ ವರ್ಷ ಹೇಳಿದ್ದೆ. ನಾವು ಬಂದಾಗ ನೋಡೋಣ ಎಂದು ಪ್ರತಿ ವರ್ಷ ನೀವೇ ಹೇಳಿದಿರಿ.

ಬನ್ನಿ, ನೋಡಿ.

ಗಂಗಾ